ಹದಿನಾಲ್ಕನೇ ತಾರೀಖಿನ ಕಾಗದ

22 ಫೆಬ್ರವರಿ

ಅಣ್ಣನಿಗೆ ತಂಗಿಯ ನಮಸ್ಕಾರಗಳು.

ಇದನ್ನು ನಿಂತುಕೊಂಡು ಓದಬೇಡ. ಕುಂಚ ಕಾಣೆಯಾಗಿದ್ದಾನೆ.

ಮುನಿಸಿಕೊಂಡು ಎರಡು ದಿನ ಎಲ್ಲೋ ಹೋಗಿ ಕೂರುವ ಹಳೇ ಚಾಳಿ ಅಂದುಕೊಳ್ಳಬೇಡ. ನಮ್ಮ ತಮ್ಮ ಹಾಗೆ ಹೋಗುವಾಗ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಹೋಗುತ್ತಾನೆ, ನಿನಗೇ ಗೊತ್ತು. ಈ ಸಲ ನೆನೆಹಾಕಿಲ್ಲ, ಪೆಟ್ಟಿಗೆಯೇ ಇಲ್ಲ. ಅವನ ಕೋಣೆಯ ಕೆಳಗೆ ಬಣ್ಣದಂಗಡಿ ಇಟ್ಟುಕೊಂಡಿರುವವನು ಹದಿನಾರರಂದು ಠಾಣೆಗೆ ಹೋಗಿ ದೂರು ಕೊಟ್ಟ. ಬಾಗಿಲು ತೆಗೆದು ನೋಡಿದರೆ ಹಾಸಿಗೆ ಮಡಿಸಿದ ಹಾಗೇ ಇತ್ತಂತೆ. ಬರೆದ ಬೋರ್ಡುಗಳು ಗೋಡೆಗೆ ಒರಗಿಕೊಂಡಿದ್ದವಂತೆ. ಮೂವತ್ತೈದು ವರ್ಷದ ಗಂಡಸು, ಗಾಳಿಗೆ ಹಾರಿಹೋದ ಹಾಗೆ ಹೋಗಿದ್ದಾನೆ.

ತನಿಖೆಯ ಅಧಿಕಾರಿಗೆ ಮಾತು ಕಮ್ಮಿ, ಕೆಮ್ಮು ಜಾಸ್ತಿ. ತನ್ನ ಕೋಣೆಯ ಗೋಡೆಗೆ ಉದ್ದಕ್ಕೆ ಒಂದು ಬಿಳಿ ಹಾಳೆ ಅಂಟಿಸಿ ತಾರೀಖಿಗೊಂದು ಚೌಕ ಎಳೆದಿದ್ದಾನೆ. ಕುಂಚನನ್ನು ಯಾರು ಯಾವತ್ತು ನೋಡಿದರೋ ಆ ಚೌಕದಲ್ಲಿ ಬರೆಯುತ್ತಾನೆ. ನಾನು ಕೊನೆಗೆ ನೋಡಿದ್ದು ಒಂಬತ್ತರಂದು ಎಂದೆ, ಬರೆದುಕೊಂಡ. ಹತ್ತರಂದು ಬಣ್ಣದಂಗಡಿಯಲ್ಲಿ ಕುಂಚನಿಗೂ ನಮ್ಮ ಯಜಮಾನರಿಗೂ ಮಾತಿಗೆ ಮಾತು ಬೆಳೆಯಿತೆಂದು ಅಂಗಡಿಯವನು ಹೇಳಿದ, ಅದನ್ನೂ ಬರೆದುಕೊಂಡ. ಹನ್ನೊಂದರ ಸಂಜೆ ಕುಂಚ ಅಂಗಡಿಯವನಿಂದ ಚೂರು ಅಂಟು ಇಸಿದುಕೊಂಡು ಮೇಲೆ ಹೋದನಂತೆ. ಅಲ್ಲಿಂದಾಚೆ ಚೌಕಗಳೆಲ್ಲ ಖಾಲಿ.

ಇವರು ಹನ್ನೆರಡರ ಬೆಳಿಗ್ಗೆ ಹನ್ನೊಂದು ಗಂಟೆಯ ರೈಲಿಗೆ ಲಿಫ್ಟ್ ಕೂರಿಸುವ ಕೆಲಸಕ್ಕೆಂದು ಪರಊರಿಗೆ ಹೋದವರು, ಹದಿನೆಂಟಕ್ಕೆ ಬಂದರು. ಟಿಕೆಟ್ ಇದೆ, ಲಾಡ್ಜಿನ ಪುಸ್ತಕದಲ್ಲಿ ಸಹಿ ಇದೆ. ಆದರೂ ಬಂದ ಮಾರನೇ ದಿನವೇ ಠಾಣೆಗೆ ಕರೆಸಿ ಕೂರಿಸಿಕೊಂಡಿದ್ದಾರೆ. ರೈಲು ಹತ್ತುವ ಮುಂಚೆ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಅದನ್ನೇ ಹಿಂಡಿ ಹಿಂಡಿ ಕೇಳುತ್ತಿದ್ದಾರೆ. ಹೋದ ತಿಂಗಳು ಬಟ್ಟೆ ಗೋದಾಮಿನಲ್ಲಿ ಇವರು ನೋಡಿಕೊಳ್ಳುವ ಲಿಫ್ಟಿನ ಉಕ್ಕಿನ ಹಗ್ಗ ಕಿತ್ತು ಇಬ್ಬರು ಹೆಂಗಸರ ಕಾಲು ಮುರಿದಾಗಲೇ ಇವರು ಅರ್ಧ ಇಳಿದುಹೋಗಿದ್ದರು. ಈಗ ಇದು.

ಕುಂಚ ನಿನಗೊಂದು ಕಾಗದ ಹಾಕಿದ್ದಾನೆ. ಬಂದಿದೆಯಾ ನೋಡು. ಅದರ ತಲೆಯ ಮೇಲೆ ಯಾವ ತಾರೀಖಿದೆ ಬರಿ. ಮೊದಲು ಅದನ್ನು ಬರಿ, ಅಳುವುದು ಆಮೇಲೆ.

ನಿನ್ನ ತಂಗಿ


25 ಫೆಬ್ರವರಿ

ಪರದೆಯ ಹಿಂದಿನಿಂದ ಮಾತು ಒದಗಿಸುತ್ತಿದ್ದ ನನ್ನ ಪ್ರಾಂಪ್ಟರ್ ತಾಯಿಗೆ, ಹಿರಿಯಣ್ಣನ ಆಶೀರ್ವಾದ.

ಓದಿದೆ. ಮೂವತ್ತು ವರ್ಷ ವೇದಿಕೆಯ ಮೇಲೆ ಸತ್ತವನು ನಾನು. ವಾರಕ್ಕೆರಡು ಸಲ ವಿಷ ಕುಡಿದು, ತಿಂಗಳಿಗೊಮ್ಮೆ ಕತ್ತಿಗೆ ಎದೆಯೊಡ್ಡಿ, ಸಿಂಹಾಸನದಿಂದ ಉರುಳಿ ಮೂರು ಮೆಟ್ಟಿಲು ಜಾರಿ, ಬಿದ್ದಮೇಲೂ ಹದಿನಾರು ಸಾಲು ಮಾತಾಡಿ ಸತ್ತವನು. ಆದರೆ ನಿಜದ ಸುದ್ದಿ ಬಂದಾಗ ಹೇಗೆ ಬೀಳಬೇಕೆಂದು ಅಪ್ಪ ನನಗೆ ಕಲಿಸಲಿಲ್ಲ. ಕೂತಲ್ಲೇ ಕೂತೆ. ಮೇಕಪ್ ಕೋಣೆಯ ಕನ್ನಡಿಯಲ್ಲಿ ಒಬ್ಬ ಮುದುಕ ಬಾಯಿ ತೆರೆದುಕೊಂಡಿದ್ದ. ಯಾರಪ್ಪ ಇವನು, ಪಾತ್ರ ಚೆನ್ನಾಗಿ ಮಾಡುತ್ತಿದ್ದಾನಲ್ಲ ಅನ್ನಿಸಿತು.

ಏಳು, ಧೈರ್ಯ ತಂದುಕೋ. ಕಾಗದ ಬಂದಿದೆ. ನಮ್ಮ ನಾಟಕದ ತಂಡ ಹತ್ತು ದಿನ ಪರಊರಿಗೆ ಕ್ಯಾಂಪ್ ಹೋಗಿತ್ತು. ನಿನ್ನ ಕಾಗದ ಬರುವ ಹಿಂದಿನ ದಿನವಷ್ಟೇ ವಾಪಸ್ಸಾದೆ. ಬಾಗಿಲ ಡಬ್ಬಿಯಲ್ಲಿ ಅದು ಎಷ್ಟು ದಿನದಿಂದ ನನಗಾಗಿ ಕಾದಿತ್ತೋ ದೇವರಿಗೇ ಗೊತ್ತು. ಒಂದಕ್ಷರವೂ ಬಿಡದೆ ನಕಲು ಮಾಡುತ್ತಿದ್ದೇನೆ, ಓದಿಕೋ:

"14 ಫೆಬ್ರವರಿ. ಅಣ್ಣ, ನೀನು ಕಡೇ ಸಲ ಕಿರೀಟ ತೆಗೆಯುವ ಆಟದ ಬೋರ್ಡು ಬರೆದಾಗಿದೆ. ಆರಡಿ ಉದ್ದ. ನಿನ್ನ ಮೀಸೆಗೇ ಒಂದಡಿ ಖರ್ಚಾಯಿತು. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ, ಗೊತ್ತಾದಾಗ ತಿಳಿಸು. ಇಲ್ಲಿ ಭಾವ ಕೊಟ್ಟ ಕೆಲಸದಲ್ಲಿ ಒಂದು ತಾರೀಖು ತಪ್ಪು ಬರೆದುಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅವರ ಹತ್ತಿರ ಹೋಗಿ ಸರಿಮಾಡಿ ಬರುತ್ತೇನೆ. ಆಮೇಲೆ ನಿದ್ದೆ ಬರುತ್ತದೆ. ನಿನ್ನ ಕುಂಚ."

ನೋಡಿದೆಯಾ? ಹದಿನಾಲ್ಕು. ಭಾವ ಹನ್ನೆರಡಕ್ಕೇ ರೈಲು ಹತ್ತಿ ಹೋಗಿದ್ದಾರೆ, ನಮ್ಮ ಕುಂಚ ಹದಿನಾಲ್ಕರಂದು ಕೂತು ನನ್ನ ಮೀಸೆಗೆ ಗೇಲಿ ಮಾಡುತ್ತಿದ್ದಾನೆ. ಅಧಿಕಾರಿಯ ಖಾಲಿ ಚೌಕಕ್ಕೆ ಇದಕ್ಕಿಂತ ದೊಡ್ಡ ದೀಪ ಬೇಕೆ? ಪಾಪ, ಮಾರನೇ ದಿನ ಹೋಗಿರುತ್ತಾನೆ, ಭಾವ ಊರಲ್ಲಿಲ್ಲ ಎಂದು ಗೊತ್ತಾಗಿ ಇನ್ನೆತ್ತಲೋ ಹೊರಟಿರುತ್ತಾನೆ. ಒಂದು ಅಂಕಿ ತಪ್ಪಿದ್ದಕ್ಕೇ ನಿದ್ದೆಗೆಟ್ಟವನು ಅವನು. ಬದುಕಿದ್ದಾನೆ, ನನ್ನ ಮಾತು ಕೇಳು.

ಲಕೋಟೆ ಮಾತ್ರ ಇಲ್ಲ. ಲಕೋಟೆ ಸಿಕ್ಕರೆ ಅದರ ಮೇಲೆ ಮುಖದ ಬಣ್ಣ ಕಲಸುವುದು ನನ್ನ ಕೆಟ್ಟ ಚಟ. ಕೆಂಪು ಹತ್ತಿ ಕಸದ ಬುಟ್ಟಿಗೆ ಹೋಯಿತು.

ನಿನ್ನ ಅಣ್ಣ, ನಾಲ್ಕು ರಾಜ್ಯಗಳ ಮಾಜಿ ಚಕ್ರವರ್ತಿ


28 ಫೆಬ್ರವರಿ

ಅಣ್ಣ,

ಲಕೋಟೆ ಹೋದರೆ ಹೋಗಲಿ. ಅದರ ಮಾತೇ ಎತ್ತಬೇಡ.

ಕಾಗದ ತೆಗೆದುಕೊಂಡು ನಿನ್ನೂರಿನ ಠಾಣೆಗೆ ಹೋಗು. ಅಲ್ಲಿಂದ ಅವರೇ ಇಲ್ಲಿಗೆ ತಿಳಿಸುತ್ತಾರೆ. ನೀನು ಹೇಳಬೇಕಾದದ್ದು ಎರಡೇ ಮಾತು. ಇದು ಕುಂಚನ ಅಕ್ಷರ. ತಾರೀಖೂ ಅವನ ಕೈಯಿಂದಲೇ ಬರೆದದ್ದು. ಅಷ್ಟೇ. ಎರಡು ಮಾತು ಕೊಟ್ಟರೆ ಇಪ್ಪತ್ತು ಆಡುವವನು ನೀನು, ಅದಕ್ಕೇ ಹೇಳುತ್ತಿದ್ದೇನೆ. ಆಡಿದ ಮೇಲೆ ಬಾಯಿ ಮುಚ್ಚಿಕೊಂಡು ಮನೆಗೆ ಬಾ.

ಇನ್ನೊಂದು. ಇಲ್ಲಿನ ಅಧಿಕಾರಿಗೆ ನೀನಾಗಿ ಕಾಗದ ಬರೆಯಬೇಡ. ದಮ್ಮಯ್ಯ ಅನ್ನುತ್ತೇನೆ.

ಮಗಳು ಊಟ ಸರಿಯಾಗಿ ಮಾಡುತ್ತಿಲ್ಲ. ಮಾವ ಎಲ್ಲಿ ಎಂದು ಕೇಳುವುದನ್ನು ನಿಲ್ಲಿಸಿದ್ದಾಳೆ. ಹದಿನಾರು ವರ್ಷದ ಹುಡುಗಿ, ಯಾವುದಕ್ಕೂ ಬಾಯಿ ಬಿಡುವುದಿಲ್ಲ.

ತಂಗಿ


4 ಮಾರ್ಚ್

ತಾಯೀ,

ಪರದೆ ಏಳಲಿ. ಗೆದ್ದೆ.

ಕಪ್ಪು ಕೋಟು ಹಾಕಿದೆ, ಮೀಸೆ ತಿದ್ದಿದೆ, ಠಾಣೆಯ ಮೂರು ಮೆಟ್ಟಿಲನ್ನು ಅರಮನೆಯ ಮೆಟ್ಟಿಲು ಹತ್ತಿದ ಹಾಗೆ ಹತ್ತಿದೆ. ಬರೆದುಕೊಳ್ಳಲು ಕೂತಿದ್ದವನು ಪೆನ್ಸಿಲಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಒಂದು ಸಲ ಗಂಟಲು ಸರಿಮಾಡಿಕೊಂಡೆ ನೋಡು, ಪೆನ್ಸಿಲ್ ಕಿವಿಯಿಂದ ತಾನಾಗಿ ಹೊರಬಂತು. ಎರಡೇ ಮಾತು ಎಂದಿದ್ದೆ ನೀನು. ಎರಡೇ ಆಡಿದೆ. ಮೂರನೆಯದನ್ನು ಆತ ಕೇಳಿದ: ಹಾಗಾದರೆ ಹದಿನಾಲ್ಕನೇ ತಾರೀಖು ನಿಮ್ಮ ತಮ್ಮ ಬದುಕಿದ್ದ ಅನ್ನುತ್ತೀರಾ?

ಎದೆ ತಟ್ಟಿದೆ. "ಬದುಕಿದ್ದ ಸ್ವಾಮಿ. ಹದಿನಾಲ್ಕರಂದು ನನ್ನ ತಮ್ಮ ಬದುಕಿದ್ದ. ಈ ಅಕ್ಷರವೇ ಅವನ ಉಸಿರು" ಎಂದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸೈಕಲ್ ಕಳ್ಳನೊಬ್ಬ ಮೂಗು ಒರೆಸಿಕೊಂಡ. ಕೊನೇ ಸಾಲಿನವನಿಗೂ ಕೇಳಿಸಿತು ಎಂದಾಯಿತಲ್ಲ.

ಸಹಿ ಮಾಡಿದೆ. ಕಾಗದ ಅವರ ಕೈಗಿತ್ತೆ. ಸುದ್ದಿಯನ್ನು ಆವತ್ತೇ ನಿಮ್ಮೂರಿಗೆ ಕಳಿಸುತ್ತೇವೆ ಎಂದರು. ಭಾವ ಮನೆಗೆ ಬಂದ ಕೂಡಲೇ ಬರಿ. ಕುಂಚ ಬಂದರೆ ಕಿವಿ ಹಿಂಡಿ ಆಮೇಲೆ ಬರಿ.

ಅಣ್ಣ, ಸಾಕ್ಷಿಗಳ ಸಾರ್ವಭೌಮ


8 ಮಾರ್ಚ್

ಅಣ್ಣ,

ಇವರು ಮನೆಗೆ ಬಂದರು. ಉಪಕಾರ ಆಯಿತು.

ಅಧಿಕಾರಿಯ ಹಾಳೆಯಲ್ಲಿ ಹದಿನಾಲ್ಕನೇ ಚೌಕದಲ್ಲಿ ಈಗ ಕೆಂಪು ಗುರುತಿದೆಯಂತೆ. ಹದಿನಾಲ್ಕರವರೆಗೆ ಕುಂಚ ಕೋಣೆಯಲ್ಲಿದ್ದ ಎಂದಮೇಲೆ, ಮೂರು ದಿನ ನೋಡಿಯೇ ಇಲ್ಲ ಎಂದ ಬಣ್ಣದಂಗಡಿಯವನು ಸುಳ್ಳುಗಾರ ಎಂದಾಯಿತು. ಅವನನ್ನು ಕರೆದುಕೊಂಡು ಹೋದರು. ದೂರು ಕೊಟ್ಟವನೇ ಅವನು.

ಅವನ ಹೆಂಡತಿ ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ನಿಮ್ಮ ತಮ್ಮನಿಗೆ ಎಷ್ಟು ವರ್ಷ ನಮ್ಮನೆಯಿಂದ ಕಾಫಿ ಹೋಗಿದೆ ಎಂದು ಮಾತ್ರ ಕೇಳಿದಳು. ನಾನು ಒಳಗೆ ಬಾ ಎನ್ನಲಿಲ್ಲ.

ಇನ್ನು ಈ ವಿಷಯ ಬರೆಯಬೇಡ.

ತಂಗಿ


11 ಮಾರ್ಚ್

ತಂಗೀ,

ನಿನ್ನ ಕಾಗದ ಮೂರು ಸಲ ಓದಿದೆ. ಗಂಡ ಮನೆಗೆ ಬಂದ ಹೆಂಗಸಿನ ಕಾಗದವೇ ಇದು? ಸಂತೋಷದ ಒಂದು ಸಾಲಿಲ್ಲ. ನನಗೆ ಅರ್ಥವಾಗುತ್ತದೆ. ಕುಂಚನ ಸುದ್ದಿಯಿಲ್ಲದೆ ಬೇರೆ ಯಾವುದೂ ನಿನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಆ ಅಂಗಡಿಯವನ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿದೆ. ನೀನು ಮೊದಲಿಂದಲೂ ಹಾಗೆ. ಅಪ್ಪನ ಕಂಪನಿಯಲ್ಲಿ ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ನಮಗೆ ಮಾತು ಒದಗಿಸುವಾಗ ನಾಯಕಿಗಿಂತ ಮೊದಲು ನೀನೇ ಅಳುತ್ತಿದ್ದೆ.

ಅದಕ್ಕೇ ನಾನೇ ಕೈ ಹಾಕಿದ್ದೇನೆ. ಅಧಿಕಾರಿಗೆ ಕಾಗದ ಬರೆಯಬೇಡ ಎಂದಿದ್ದೆ ನೀನು. ನನ್ನ ಭಾಷೆ ಕೇಳಿ ಠಾಣೆಯವರು ನಗುತ್ತಾರೆ ಎಂಬ ನಾಚಿಕೆ ತಾನೇ ನಿನಗೆ? ನಗಲಿ. ಇದೇ ಅಂಚೆಗೆ ಅವನಿಗೂ ಒಂದು ಹಾಕಿದ್ದೇನೆ, ಆರು ಹಾಳೆ. ಬಣ್ಣದಂಗಡಿಯವನನ್ನು ನಾನು ಇಪ್ಪತ್ತು ವರ್ಷದಿಂದ ಬಲ್ಲೆ, ಅವನು ಬಣ್ಣಕ್ಕೆ ಎಣ್ಣೆ ಬೆರೆಸಿಯಾನು, ಮನುಷ್ಯನ ಮೈ ಮುಟ್ಟಲಾರ, ಹದಿನಾಲ್ಕರ ನಂತರ ನನ್ನ ತಮ್ಮ ಯಾವ ರೈಲು ಹತ್ತಿದ ಎಂದು ಹುಡುಕಿ ಎಂದು ಬರೆದಿದ್ದೇನೆ. ತಾರೀಖು, ಸಹಿ, ಎಲ್ಲ ಕ್ರಮಬದ್ಧ. ಬಾಯಿ ಮುಚ್ಚಿಕೊಂಡಿರು ಎಂದರೆ ಇರಲು ನಾನೇನು ಪರದೆಯ ಮೇಲೆ ಬರೆದ ದ್ವಾರಪಾಲಕನೇ?

ಅಣ್ಣ


15 ಮಾರ್ಚ್

ಅಣ್ಣ,

ಎಂಥ ಕೆಲಸ ಮಾಡಿದೆ.

ಹನ್ನೊಂದರ ಮಧ್ಯಾಹ್ನ ಅಧಿಕಾರಿ ಮನೆಗೆ ಬಂದ. ಇವರು ಕೆಲಸಕ್ಕೆ ಹೋಗಿದ್ದರು. ಬಂದವನು ಕೂತ, ಕೆಮ್ಮಿದ, ನಿನ್ನ ಆರು ಹಾಳೆಯನ್ನು ಮೇಜಿನ ಮೇಲೆ ಹರವಿದ. ನಿಮ್ಮಣ್ಣ ಇರುವುದು ಎಷ್ಟು ದೂರ ಎಂದು ಕೇಳಿದ. ಕಾಗದಕ್ಕೆ ಮೂರು ದಿನದ ದಾರಿ ಎಂದೆ.

"ಹನ್ನೊಂದನೇ ತಾರೀಖು ಬರೆದ ಕಾಗದ ಇದು. ಹನ್ನೊಂದನೇ ತಾರೀಖು ಬೆಳಿಗ್ಗೆ ನನ್ನ ಮೇಜಿನ ಮೇಲಿತ್ತು. ನಿಮ್ಮಣ್ಣ ಹಾರಿ ಬಂದು ಹಾಕಿ ಹೋದರಾ ಅಮ್ಮ?"

ಬೆಳಿಗ್ಗೆ ಗುಮಾಸ್ತನೂ ತಾನೂ ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಗು ಮುಗಿದಮೇಲೆ ಲಕೋಟೆ ತಿರುಗಿಸಿ ನೋಡಿದನಂತೆ. ಅಂಚೆಯ ಮುದ್ರೆ ಎಂಟನೇ ತಾರೀಖಿನದು. ಆಗ ನಗು ನಿಂತಿತಂತೆ.

ನಿಮ್ಮಣ್ಣ ನಿಮಗೆ ಬರೆದ ಕಾಗದಗಳಿವೆಯಾ ಎಂದ. ಒಲೆಗೆ ಹಾಕಿದೆ ಎಂದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ, ಟ್ರಂಕಿನಿಂದ ಎಲ್ಲವನ್ನೂ ತಂದು ಅವನ ಮುಂದಿಟ್ಟಳು. ಲಕೋಟೆ ಸಮೇತ. ನಾನು ಲಕೋಟೆಯ ಮೇಲೆ ಬಣ್ಣ ಕಲಸುವವಳಲ್ಲ. ಅವನು ಒಂದೊಂದೇ ತೆಗೆದು ಮುದ್ರೆ ನೋಡಿದ, ತಾರೀಖು ನೋಡಿದ. ಪ್ರತಿಯೊಂದರಲ್ಲೂ ಮೂರು ದಿನ ಮುಂದೆ.

ಇದು ನಿಮ್ಮಣ್ಣನ ಅಭ್ಯಾಸವೋ, ಇಡೀ ಮನೆಯದೋ ಎಂದು ಕೇಳಿದ. ಅಣ್ಣನೊಬ್ಬನದೇ, ವಯಸ್ಸಾಗಿದೆ, ಮರೆವು ಎಂದೆ. ತಲೆಯಾಡಿಸಿ ಎದ್ದು ಹೋದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ಅಣ್ಣ, ನಿನ್ನನ್ನು ಮತ್ತೆ ಕರೆದು ಕೇಳುತ್ತಾರೆ. ನೀನೂ ಹಾಗೇ ಹೇಳು. ಈ ಹುಚ್ಚು ನನಗೊಬ್ಬನಿಗೇ, ಕುಂಚ ಯಾವಾಗಲೂ ಬರೆದ ದಿನದ ತಾರೀಖನ್ನೇ ಹಾಕುತ್ತಿದ್ದ ಎಂದು ಹೇಳು. ಒಂದು ಮಾತು. ನನ್ನ ಸಂಸಾರ ನಿನ್ನ ನಾಲಿಗೆಯ ತುದಿಯಲ್ಲಿದೆ.

ತಂಗಿ


18 ಮಾರ್ಚ್

ತಂಗಿ,

ಬೆಳಿಗ್ಗೆಯಿಂದ ಈ ಹಾಳೆಯ ಮುಂದೆ ಕೂತಿದ್ದೇನೆ. ತಲೆಯ ಮೇಲೆ ಹದಿನೆಂಟು ಎಂದು ಬರೆದಿದ್ದೇನೆ. ಇವತ್ತು ಹದಿನೈದು. ಕೈ ತಾನಾಗಿಯೇ ಬರೆಯಿತು. ಬರೆದಮೇಲೆ ನೋಡಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ.

ನಮ್ಮಪ್ಪ ಕಲಿಸಿದ್ದು. ಊರೂರು ಸುತ್ತುವ ಕಂಪನಿಯ ಯಜಮಾನ, ಆಟದ ಕರಪತ್ರದ ಮೇಲೆ ಅಚ್ಚು ಹಾಕಿದ ದಿನ ಬರೀತಾರೇನ್ರೋ, ಆಟ ನೋಡುವ ದಿನ ಬರೀತಾರೆ, ಕಾಗದವೂ ಹಾಗೇ, ಓದುವವನ ದಿನ ಬರೀಬೇಕು ಎಂದು ಮೂವರ ತಲೆಗೂ ಮೊಟಕಿ ಮೊಟಕಿ ಕಲಿಸಿದ್ದು. ನನಗೆ, ನಿನಗೆ, ಕುಂಚನಿಗೆ. ಮೂವರಿಗೂ ಹಲ್ಲುಜ್ಜಿದ ಹಾಗೆ ಆಗಿಹೋಗಿದೆ. ಹಲ್ಲುಜ್ಜಿದ್ದನ್ನು ಯಾರು ಠಾಣೆಯಲ್ಲಿ ಹೇಳುತ್ತಾರೆ? ತಾರೀಖೂ ಅವನ ಕೈಯದೇ ಎಂದೆ. ಈ ಅಭ್ಯಾಸ ತಲೆಗೆ ಹೊಳೆಯಲೇ ಇಲ್ಲ. ದೇವರಾಣೆ, ಹೊಳೆಯಲಿಲ್ಲ.

ಕುಂಚ ಅದನ್ನು ಬರೆದದ್ದು ಹನ್ನೊಂದರ ಸಂಜೆ. ಅಂಗಡಿಯವನ ಹತ್ತಿರ ಅಂಟು ಇಸಿದುಕೊಂಡದ್ದು ಆ ಲಕೋಟೆಗೆ. ನಾಳೆ ಬೆಳಿಗ್ಗೆ ಭಾವನ ಹತ್ತಿರ ಹೋಗುತ್ತೇನೆ ಎಂದಿದ್ದಾನಲ್ಲ, ಆ ನಾಳೆ ಹದಿನೈದಲ್ಲ. ಹನ್ನೆರಡು. ಭಾವ ಹನ್ನೊಂದು ಗಂಟೆಯ ರೈಲು ಹತ್ತುವ ಮುಂಚಿನ ಬೆಳಿಗ್ಗೆ.

ಆಮೇಲೆ ನಿನ್ನ ಹಳೆಯ ಕಾಗದಗಳನ್ನು ತೆಗೆದು ಓದಿದೆ. ಮೊದಲನೆಯದು. "ಕುಂಚ ನಿನಗೊಂದು ಕಾಗದ ಹಾಕಿದ್ದಾನೆ" ಎಂದು ಬರೆದಿದ್ದೀಯ. ಹಾಕಿರಬಹುದು ಎಂದಲ್ಲ, ಹಾಕಿದ್ದಾನಂತೆ ಎಂದೂ ಅಲ್ಲ. ಹಾಕಿದ್ದಾನೆ.

ಅವನನ್ನು ಕೊನೆಗೆ ನೋಡಿದ್ದು ಒಂಬತ್ತರಂದು ಎಂದು ಅಧಿಕಾರಿಯ ಹಾಳೆಯಲ್ಲಿ ಬರೆಸಿದವಳು ನೀನು. ಹನ್ನೊಂದರ ಸಂಜೆ ಅವನು ಅಂಚೆಗೆ ಹಾಕಿದ ಕಾಗದ ನಿನಗೆ ಹೇಗೆ ಗೊತ್ತಾಯಿತು, ತಾಯೀ?

ನಾನು ಚಕ್ರವರ್ತಿ ಎಂದು ಸಹಿ ಮಾಡಿದೆ, ಸಾರ್ವಭೌಮ ಎಂದು ಸಹಿ ಮಾಡಿದೆ. ಪರದೆ ಹಿಂದಿನಿಂದ ನೀನು ಮಾತು ಒದಗಿಸಿದೆ, ನಾನು ಗಂಟಲು ಹರಿಯುವ ಹಾಗೆ ಒಪ್ಪಿಸಿದೆ. ಹಳೇ ಅಭ್ಯಾಸ ನೋಡು. ಯಾವ ನಾಟಕ ಎಂದು ಮಾತ್ರ ಕೇಳಲಿಲ್ಲ.

ನೀನು ಹೇಳು ಎಂದ ಸುಳ್ಳನ್ನು ನಾನು ಹೇಳುವುದಿಲ್ಲ. ಆದರೆ ಇಲ್ಲಿನ ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ನಿನಗೆ ಒಂದು ಕಾಗದದಷ್ಟು ಸಮಯ ಕೊಡುತ್ತೇನೆ. ನೀನೇ ಹೋಗು. ಅಲ್ಲೊಬ್ಬ ಬಣ್ಣದಂಗಡಿಯವನು ನಿರಪರಾಧಿಯಾಗಿ ಕೂತಿದ್ದಾನೆ. ನಮ್ಮ ತಮ್ಮ ಎಲ್ಲಿದ್ದಾನೆ ಎಂದು ಕೇಳಿ ತಿಳಿದುಕೊಂಡು, ನನಗೆ ಬರಿ.

ಅಣ್ಣ


24 ಮಾರ್ಚ್

ಅಣ್ಣ,

ಇವತ್ತು ಇಪ್ಪತ್ನಾಲ್ಕು. ಇದನ್ನು ಬರೆಯುತ್ತಿರುವ ದಿನ ಇಪ್ಪತ್ನಾಲ್ಕು. ನಿನಗೆ ಮುಟ್ಟುವಾಗ ಇಪ್ಪತ್ತೇಳಾಗಿರುತ್ತದೆ.

ಹನ್ನೆರಡರ ಬೆಳಿಗ್ಗೆ ಎಂಟು ಗಂಟೆಗೆ ಕುಂಚ ಬಂದ. ಕೈಯಲ್ಲಿ ಬ್ರಷ್ ಪೆಟ್ಟಿಗೆ. ಅಕ್ಕ, ನಿನ್ನೆ ಅಣ್ಣನಿಗೆ ಕಾಗದ ಹಾಕಿದೆ, ಮೀಸೆ ಬರೆದು ಕೈ ನೋಯುತ್ತಿದೆ ಎಂದು ನಕ್ಕ. ಮಗಳ ಜಡೆ ಎಳೆದ. ಆಮೇಲೆ ಇವರಿಗೆ, ಭಾವ, ಆ ತಾರೀಖು ಅಳಿಸಿಬಿಡೋಣ ಎಂದ.

ಗೋದಾಮಿನ ಲಿಫ್ಟಿನ ಬಾಗಿಲ ಮೇಲೆ ಒಂದು ತಗಡು ಇರುತ್ತದೆ. ಕೊನೆಯ ಪರೀಕ್ಷೆ ಇಂಥ ದಿನ ಆಯಿತು ಎಂದು ಅದರ ಮೇಲೆ ಬರೆದಿರಬೇಕು. ಹಗ್ಗ ಕೀಳುವ ಮುಂಚೆ ಇವರು ವರ್ಷದಿಂದ ಆ ಲಿಫ್ಟಿನ ಕಡೆ ತಲೆ ಹಾಕಿರಲಿಲ್ಲ. ಹಗ್ಗ ಕಿತ್ತಮೇಲೆ ಕುಂಚನನ್ನು ಕರೆದುಕೊಂಡು ಹೋಗಿ ನವೆಂಬರಿನ ಒಂದು ತಾರೀಖು ಬರೆಸಿದ್ದರು. ಏಕೆ ಎಂದು ಅವನಿಗೆ ಆಮೇಲೆ ತಿಳಿಯಿತು. ಆ ಇಬ್ಬರು ಹೆಂಗಸರನ್ನು ಆಸ್ಪತ್ರೆಯಲ್ಲಿ ನೋಡಿ ಬಂದಿದ್ದನಂತೆ. ಗೋದಾಮಿಗೆ ಆಗಲೇ ಬೀಗ ಬಿದ್ದಿತ್ತು, ಲಿಫ್ಟ್ ಬಿಚ್ಚುವ ಕೆಲಸ ಇವರದೇ ಆದ್ದರಿಂದ ಕೀಲಿಕೈ ಇವರ ಹತ್ತಿರ. ಆಯಿತು ಬಾ, ಅಳಿಸೋಣ ಎಂದು ಅವನನ್ನು ಕರೆದುಕೊಂಡು ಹೋದರು.

ಹತ್ತು ಗಂಟೆಗೆ ಒಬ್ಬರೇ ಬಂದರು. ಎರಡು ಸಲ ಕೈ ತೊಳೆದರು. ಕುಂಚ ಎಲ್ಲಿ ಎಂದೆ. ಮುನಿಸಿಕೊಂಡು ಎಲ್ಲೋ ಹೋದ, ನಿನ್ನ ತಮ್ಮ ತಾನೇ ಎಂದರು. ಊಟ ಬಡಿಸಿದೆ. ಉಂಡರು. ಗೋದಾಮಿನ ಕೀಲಿಕೈಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ ರೈಲಿಗೆ ಹೋದರು.

ನಾನು ನಂಬಿದೆ ಅಣ್ಣ. ನಂಬಿದೆ ಎಂದು ನನಗೇ ಹೇಳಿಕೊಂಡೆ. ದೂರು ಬಿದ್ದಮೇಲೆ, ಆವತ್ತು ಮಾವ ಬಂದಿದ್ದರಲ್ಲ ಎಂದು ಮಗಳು ಬಾಯಿ ತೆರೆದಾಗ ಅವಳ ಬಾಯಿ ಮುಚ್ಚಿಸಿದವಳು ನಾನು. ಇವರು ನಿರಪರಾಧಿ, ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತಾರೆ, ನಮ್ಮ ಮನೆಯ ತಾರೀಖಿನ ಅಭ್ಯಾಸ ಹೊರಗಿನವರಿಗೆ ಯಾರಿಗೆ ಗೊತ್ತು ಎಂದುಕೊಂಡೆ. ನಿನ್ನ ಬಾಯಿಗೆ ಮಾತು ಇಟ್ಟೆ.

ನಿನ್ನ ಕಾಗದ ಬಂದಮೇಲೆ ನಾಲ್ಕು ದಿನ ಆ ಮೊಳೆಯ ಕಡೆ ನೋಡದೆ ಅಡುಗೆ ಮಾಡಿದೆ. ಇಪ್ಪತ್ತೆರಡರಂದು ಕೀಲಿಕೈ ತೆಗೆದು ಸೆರಗಿಗೆ ಕಟ್ಟಿಕೊಂಡು ಠಾಣೆಗೆ ಹೋದೆ. ಮಗಳು ಚಪ್ಪಲಿ ಹಾಕಿಕೊಂಡು ನನ್ನ ಹಿಂದೆಯೇ ಬಂದಳು. ಹೇಳಿದ್ದನ್ನೆಲ್ಲ ಬರೆದುಕೊಂಡು, ಹಾಳೆಯ ಹನ್ನೆರಡನೇ ಚೌಕದಲ್ಲಿ ಅಧಿಕಾರಿ ನನ್ನ ಹೆಸರು ಬರೆದ.

ನಿನ್ನೆ ಬೆಳಿಗ್ಗೆ ಗೋದಾಮು ತೆಗೆದರು. ಲಿಫ್ಟಿನ ಗೂಡನ್ನು ಇವರು ಆಗಲೇ ಬಿಚ್ಚಿ ತೆಗೆದಿದ್ದರು, ಅದರ ಕೆಳಗೆ ಒಂದಾಳು ಆಳದ ಗುಂಡಿ ಇರುತ್ತದೆ. ಕುಂಚ ಅಲ್ಲಿದ್ದ.

ಇವರು ಒಪ್ಪಿಕೊಂಡಿದ್ದಾರೆ. ಅವನು ತಗಡು ಕೆರೆಯಲು ಹೋದ, ನಾನು ಕೈ ಹಿಡಿದು ಎಳೆದೆ, ಬಾಗಿಲು ತೆರೆದಿತ್ತು, ಮೂರನೇ ಮಹಡಿಯಿಂದ ಬಿದ್ದ, ಸತ್ತ ಎಂದುಕೊಂಡೆ ಎನ್ನುತ್ತಾರೆ. ಎಳೆದರೋ ತಳ್ಳಿದರೋ ನ್ಯಾಯಾಲಯ ಹೇಳಲಿ. ಇಳಿದು ನೋಡಲಿಲ್ಲ. ಬಾಗಿಲು ಹಾಕಿದರು, ಬೀಗ ಹಾಕಿದರು.

ಇನ್ನೊಂದು ವಿಷಯ ಬರೆಯಬೇಕು. ಅಧಿಕಾರಿ ಕೆಮ್ಮದೆ ಹೇಳಿದ ಒಂದೇ ಮಾತು ಅದು. ಬ್ರಷ್ ಪೆಟ್ಟಿಗೆ ಅವನ ಜೊತೆಗೇ ಬಿದ್ದಿತ್ತು. ಎರಡೂ ಕಾಲು ಮುರಿದಿದ್ದವು, ಕೈ ಚೆನ್ನಾಗಿತ್ತು. ಬಾಗಿಲ ಸಂದಿಯಿಂದ ಹಗಲಿನ ಬೆಳಕು ಒಂದು ಗೆರೆ ಗುಂಡಿಯೊಳಗೆ ಬೀಳುತ್ತದಂತೆ. ಆ ಬೆಳಕು ಬಿದ್ದ ಗೋಡೆಯ ಮೇಲೆ ಕುಂಚ ತಾರೀಖು ಬರೆದಿದ್ದಾನೆ. ಒಂದರ ಕೆಳಗೆ ಒಂದು. 12. 13. 14. ಮೊದಲೆರಡು ಬೋರ್ಡಿನ ಅಕ್ಷರದ ಹಾಗೆ ನೆಟ್ಟಗಿವೆಯಂತೆ. ಹದಿನಾಲ್ಕರ ನಾಲ್ಕು ಪೂರ್ತಿಯಾಗಿಲ್ಲ.

ಮೂರು ದಿನ. ಮೂರು ದಿನವೂ ಕೀಲಿಕೈ ನನ್ನ ಅಡುಗೆಮನೆಯ ಮೊಳೆಯಲ್ಲಿತ್ತು. ನಾನು ಅದರ ಕೆಳಗೆ ನಿಂತು ಪಾತ್ರೆ ತೊಳೆದೆ.

ಬಣ್ಣದಂಗಡಿಯವನನ್ನು ಬಿಟ್ಟಿದ್ದಾರೆ. ಸುಳ್ಳು ಹೇಳಿಕೆಗೆ ನನ್ನ ಮೇಲೂ ಮೊಕದ್ದಮೆ ಇದೆ. ಅದು ಸರಿಯೇ. ಮಗಳು ಆ ಅಂಗಡಿಯವನ ಮನೆಯಲ್ಲಿದ್ದಾಳೆ. ಅವನ ಹೆಂಡತಿ ಬಂದು ಕರೆದುಕೊಂಡು ಹೋದಳು. ಒಳಗೆ ಬಾ ಎಂದು ನಾನು ಕರೆಯದೇ ಇದ್ದವಳು.

ತಂಗಿ


27 ಮಾರ್ಚ್

ತಂಗಿ,

ಈ ತಾರೀಖು ಇವತ್ತಿನದೇ. ಮಧ್ಯಾಹ್ನದ ರೈಲಿಗೆ ಹೊರಡುತ್ತಿದ್ದೇನೆ. ಈ ಕಾಗದಕ್ಕಿಂತ ಮುಂಚೆ ನಾನೇ ಬಂದಿರುತ್ತೇನೆ. ಆದರೂ ಬರೆಯುತ್ತಿದ್ದೇನೆ, ಎದುರಿಗೆ ನಿಂತರೆ ಇದನ್ನು ಹೇಳಲಾರೆ.

ಬೆಳಿಗ್ಗೆ ಠಾಣೆಗೆ ಹೋಗಿ ನನ್ನ ಹೇಳಿಕೆ ತಿದ್ದಿಸಿದೆ. ಅದೇ ಪೆನ್ಸಿಲಿನವನು. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ, ಜೋರಾಗಿ ಹೇಳಿ ಎಂದು ಅವನೇ ಎರಡು ಸಲ ಕೇಳಿದ. ಕಾಗದ ಬರೆದದ್ದು ಹನ್ನೊಂದರಂದು, ನಮ್ಮ ಮನೆಯ ಪದ್ಧತಿ ಹೀಗೆ ಎಂದು ಹೇಳಿದೆ. ಬರೆದುಕೊಂಡ. ಹಾಗಾದರೆ ಹದಿನಾಲ್ಕರಂದು ನಿಮ್ಮ ತಮ್ಮ ಬದುಕಿದ್ದ ಎಂದಿದ್ದಿರಲ್ಲ, ಆ ಸಾಲು ಹೊಡೆದುಹಾಕಲೇ ಎಂದು ಕೇಳಿದ.

ಬೇಡ ಎಂದೆ. ಆ ಸಾಲು ಇರಲಿ, ಅದು ನಿಜ ಎಂದೆ.

ಅದೊಂದು ಸಾಲಿಗೆ ಎದೆ ತಟ್ಟಿದ್ದೆ ನಾನು. ಹಿಂದಿನ ಬೆಂಚಿನವನು ಮೂಗು ಒರೆಸಿಕೊಂಡದ್ದಕ್ಕೆ ಹಿಗ್ಗಿದ್ದೆ. ಹದಿನಾಲ್ಕರಂದು ನಾನೆಲ್ಲಿದ್ದೆ ಎಂದು ತಂಡದ ಪುಸ್ತಕ ತೆಗೆದು ನೋಡಿದೆ. ಕ್ಯಾಂಪಿನಲ್ಲಿ ಸಂಜೆ ಆಟ. ಕಾರಾಗೃಹದಲ್ಲಿ ಸಾಯುವ ರಾಜನ ಪಾತ್ರ. ನೀರು ನೀರು ಎಂದು ಕೂಗುವ ಜಾಗದಲ್ಲಿ ಮೂರು ಸಲ ಚಪ್ಪಾಳೆ ಬಿತ್ತೆಂದು ಮ್ಯಾನೇಜರ್ ಬರೆದಿಟ್ಟಿದ್ದಾನೆ.

ನಿನ್ನ ಮುಖ ನೋಡಬೇಕೆಂದು ಬರುತ್ತಿಲ್ಲ. ನೋಡದೆ ಹೋಗಲೂ ನನಗೆ ಬರುವುದಿಲ್ಲ. ಮಗಳು ಒಪ್ಪಿದರೆ ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ, ನಿನ್ನ ಮೊಕದ್ದಮೆ ಮುಗಿಯುವವರೆಗೆ.

ಮೊದಲು ಕುಂಚನ ಕೋಣೆಗೆ ಹೋಗುತ್ತೇನೆ. ಆರಡಿಯ ಬೋರ್ಡು ಗೋಡೆಗೆ ಒರಗಿರಬೇಕು, ತಾರೀಖಿನ ಜಾಗ ಖಾಲಿ. ಕಡೇ ಆಟ ಇನ್ನಿಲ್ಲ, ಮ್ಯಾನೇಜರಿಗೆ ಹೇಳಿಬಿಟ್ಟೆ. ಅಂಗಡಿಯವನಿಂದ ಒಂದು ಬ್ರಷ್ ಇಸಿದುಕೊಂಡು ಆ ಖಾಲಿ ಜಾಗದಲ್ಲಿ ಹದಿನಾಲ್ಕು ಎಂದು ಬರೆಯುತ್ತೇನೆ. ಅವನಷ್ಟು ನೆಟ್ಟಗೆ ಬರುವುದಿಲ್ಲ. ನಾಲ್ಕನ್ನು ಮಾತ್ರ ಪೂರ್ತಿ ಮಾಡುತ್ತೇನೆ.

ಅಣ್ಣ